ಮೂರನೇ ಕೋಟು

ವಿಮಾನದ ಮಧ್ಯದ ಸೀಟಿನಲ್ಲಿ ಕೂತ ಹುಡುಗನಿಗೆ ಮೊಣಕೈ ಇಡಲೂ ಜಾಗವಿರಲಿಲ್ಲ, ಇನ್ನು ಅಷ್ಟು ಕೋಪ ಎಲ್ಲಿಡಬೇಕು? ಬಲಗಡೆ ಏಣಿ ಕೂತಿದ್ದ. ಅವನಿಗೂ ಒಂದು ಹೆಸರಿದೆ, ಆದರೆ ಆರಡಿ ಮೀರಿ ಬೆಳೆದವನನ್ನು ತಾರಸಿ ಕೆಲಸದವರು ಇನ್ನೇನಂತ ಕರೆಯುತ್ತಾರೆ? ಎಡಗಡೆ ಕಿಟಕಿ ಪಕ್ಕ ಇಸ್ತ್ರಿ ಅಂಗಿಯ ಸಾಹೇಬರು. ಕೂತದ್ದೇ ತಡ, ಕಿಟಕಿಯ ಮುಚ್ಚಳ ಎಳೆದು, ಕಣ್ಣಿಗೆ ಕಪ್ಪು ಪಟ್ಟಿ ಹಾಕಿಕೊಂಡು, ತಲೆ ವಾಲಿಸಿಬಿಟ್ಟಿದ್ದರು.

ದೂರದ ಊರಲ್ಲೊಂದು ಆಸ್ಪತ್ರೆಯ ತಾರಸಿ ಸೋರುತ್ತಿತ್ತು. ಮಳೆಗೆ ಮುಂಚೆ ಮುಗಿಯಬೇಕು ಅಂತ ಮೇಸ್ತ್ರಿ ಹುಡುಗನನ್ನೂ ಏಣಿಯನ್ನೂ ವಿಮಾನಕ್ಕೆ ಹತ್ತಿಸಿದ್ದ. ಮೂರು ತಿಂಗಳ ಕೆಲಸ. ಹುಡುಗ ಹೊರಡಬೇಕಾದರೆ ಬೆಳಿಗ್ಗೆ ಬಾಗಿಲಲ್ಲೇ ಅಪ್ಪನ ಜೊತೆ ಜಗಳವಾಗಿತ್ತು.

"ಎಡಗಡೆ ಕಿಟಕಿ ಕೇಳಿ ತಗೋ ಮಗಾ. ಮೇಲೆದ್ದ ಎರಡೇ ನಿಮಿಷಕ್ಕೆ ಬಿಸ್ಕತ್ತು ಕಾರ್ಖಾನೆ ಬರುತ್ತೆ. ನಿನ್ನ ಸೈಕಲ್ ನೋಡು."

ಅದೇ ಸೈಕಲ್. ಏಳು ವರ್ಷದವನಿದ್ದಾಗ ಅವನು ಸೈಕಲ್ ಬೇಕು ಅಂತ ನೆಲಕ್ಕೆ ಬಿದ್ದು ಹೊರಳಾಡಿದ್ದ. ಅಪ್ಪನೂ ತಾರಸಿಗೆ ಬಣ್ಣ ಬಳಿಯುವವನೇ. ಮೂರನೇ ದಿನ ಉಗುರಿನ ಸಂದಿಯಲ್ಲೆಲ್ಲ ನೀಲಿ ಬಣ್ಣ ತುಂಬಿಕೊಂಡು ಬಂದು, "ನಿನ್ನ ಸೈಕಲ್ಲನ್ನ ಕಾರ್ಖಾನೆ ತಾರಸಿ ಮೇಲೆ ನಿಲ್ಲಿಸಿ ಬಂದಿದ್ದೀನಿ ಕಣೋ. ವಿಮಾನದೋರೆಲ್ಲ ಬಗ್ಗಿ ಬಗ್ಗಿ ನೋಡ್ತಾರೆ" ಅಂದಿದ್ದ. ಪೆದ್ದ ಮಗ ಅದನ್ನು ಶಾಲೆಯಲ್ಲಿ ಹೇಳಿಕೊಂಡು ತಿರುಗಿದ. ಮೇಷ್ಟ್ರು ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ಏಳನೇ ಕ್ಲಾಸಿಗೆ ಶಾಲೆ ಬಿಡೋ ತನಕ 'ಆಕಾಶದ ಸೈಕಲ್' ಅನ್ನೋ ಅಡ್ಡಹೆಸರು ಬೆನ್ನು ಬಿಡಲಿಲ್ಲ.

ಹಾಗಾಗಿ ಬೆಳಿಗ್ಗೆ ಅವನು ಸ್ಫೋಟಿಸಿದ್ದ. "ಸಾಕು ಮಾಡಪ್ಪಾ! ಎರಡು ವರ್ಷದ ಹಿಂದೆ ಆ ತಾರಸಿಗೆ ಕೋಟ್ ಹೊಡೆದವನು ನಾನೇ. ನಾಲ್ಕು ದಿನ ಅದರ ಮೇಲೇ ಬಿದ್ದಿದ್ದೆ. ಸೈಕಲ್ಲೂ ಇಲ್ಲ, ಅದರ ಬೆಲ್ಲೂ ಇಲ್ಲ. ಸುಳ್ಳು ಹೇಳಿ ಹೇಳಿ ನಿನ್ನ ನಾಲಿಗೆ ಸವೆದಿಲ್ವಾ?"

ಅಮ್ಮ ಬುತ್ತಿ ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಳು. ಅಪ್ಪ ಮಾತ್ರ, "ತಾರಸಿ ಮೇಲೆ ನಿಂತ್ರೆ ಕಾಣಲ್ಲ ಕಣೋ. ಇನ್ನೂ ಮೇಲೆ ಹೋಗ್ಬೇಕು" ಅಂದ. ಆಮೇಲೆ ಮಡಚಲಾರದ ಮಂಡಿ ಮಡಚಿ ನೆಲಕ್ಕೆ ಕೂತು, ಮಗನ ಬ್ಯಾಗಿನ ಕಿತ್ತುಹೋದ ಜಿಪ್ಪಿಗೆ ದಾರ ಸುತ್ತತೊಡಗಿದ. ಮಗ 'ಬರ್ತೀನಿ' ಅಂತಲೂ ಅನ್ನದೆ ಬ್ಯಾಗ್ ಕಿತ್ತುಕೊಂಡು ಬಂದಿದ್ದ.

ಆಗ ಕಾರ್ಖಾನೆ ತಾರಸಿ ಮೇಲೆ ಅಲ್ಲೊಂದು ಇಲ್ಲೊಂದು ಡೊಂಕು ನೀಲಿ ಪಟ್ಟಿ ಇದ್ದದ್ದು ನಿಜ. ಎರಡು ಕೋಟ್ ಬಿಳಿ ಬಣ್ಣ ಹೊಡೆದರೂ ಹಾಳು ನೀಲಿ ಕೆಳಗಿಂದ ಇಣುಕುತ್ತಿತ್ತು. 'ಯಾವ ಕತ್ತೆ ಕುಡಿದು ಡಬ್ಬ ಚೆಲ್ಲಿದನೋ' ಅಂತ ಬೈದುಕೊಂಡು, ಬರೀ ಆ ಪಟ್ಟಿಗಳ ಮೇಲೆ ಮೂರನೇ ಕೋಟ್ ಎಳೆದಿದ್ದ. ಅದನ್ನು ಸೈಕಲ್ ಅನ್ನೋಕಾಗುತ್ತಾ? ಇವತ್ತು ಮೇಲಿಂದ ಒಂದು ಸಲ ನೋಡಿಬಿಡಬೇಕು. ಇಲ್ಲ ಅಂತ ಕಣ್ಣಾರೆ ಕಂಡರೆ ಕೋಪ ಆರುತ್ತದೆ. ಆರಬೇಕು.

ಗಗನಸಖಿ ಬಂದು ಮುಚ್ಚಳ ತೆಗೆಸಿದಳು. ಸಾಹೇಬರು ಗೊಣಗಿಕೊಂಡು ತೆಗೆದವರು ಮತ್ತೆ ತಲೆಯನ್ನು ಕಿಟಕಿಗೇ ಒತ್ತಿದರು.

"ಸಾರ್, ಒಂದು ಚೂರು ಹಿಂದಕ್ಕೆ ಸರೀತೀರಾ?"

"ಮೊದಲನೇ ಸಲಾನಾ?"

"ಹೂಂ."

"ಮೋಡ ಬಿಟ್ರೆ ಏನೂ ಇರಲ್ಲ ರೀ. ಮಲಗಿ."

"ಬಿಡೋ," ಅಂದ ಏಣಿ. "ಅವರು ಕಿಟಕೀನ ಮನೆಗೆ ಬಿಚ್ಕೊಂಡು ಹೋಗ್ತಾರೆ."

ವಿಮಾನ ಓಡಿತು, ನಡುಗಿತು, ಎದ್ದಿತು. ಒಂದು ನಿಮಿಷ ಆಯಿತೋ ಇಲ್ಲವೋ, ಹುಡುಗನಿಗೆ ತಡೆಯಲಾಗಲಿಲ್ಲ. ಬೆಲ್ಟಿನೊಳಗೇ ತಿರುಚಿಕೊಂಡು, ಸಾಹೇಬರ ಎದೆಯ ಮೇಲೆ ಭುಜ ಹಾಯಿಸಿ ಗಾಜಿಗೆ ಮೂಗು ಒತ್ತಿದ.

"ಏಯ್! ಏನ್ರೀ ಇದು?"

ಊರಿನ ನೆತ್ತಿ ಕಂಡಿತು. ಬೀದಿಯ ಕಡೆ ಗೋಡೆಗೆಲ್ಲ ಥಳಥಳ ಬಣ್ಣ, ಮೇಲೆ ನೋಡಿದರೆ ಹರಕು ಟಾರ್ಪಾಲು, ಮುರಿದ ಕುರ್ಚಿ, ಪಾಚಿ. ಮಾಲೀಕ ಹತ್ತಿ ಬರುವ ಮೆಟ್ಟಿಲ ಹತ್ತಿರ ಮಾತ್ರ ಬಿಳಿ ಕೋಟು, ಟ್ಯಾಂಕಿನ ಹಿಂದೆ ಬೋಳು. ಕಳ್ಳರು. ಒಂದೊಂದು ತಾರಸಿ ನೋಡಿಯೂ ಇದು ಯಾವ ಮೇಸ್ತ್ರಿಯ ಮೋಸ ಅಂತ ಅವನು ಹೇಳಬಲ್ಲ. ಒಂದು ಮನೆಯ ಮೇಲೆ ಹೆಂಗಸೊಬ್ಬಳು ಬಟ್ಟೆ ಹರವುತ್ತಿದ್ದವಳು ಉಗುರಿನಷ್ಟಾಗಿ, ಅಕ್ಕಿಕಾಳಿನಷ್ಟಾಗಿ, ಇಲ್ಲವಾದಳು.

ಆಗ ಎರಡು ಕೆಂಪು ಟ್ಯಾಂಕುಗಳು, ಉದ್ದನೆಯ ಚಿಮಣಿ. ಬಿಸ್ಕತ್ತು ಕಾರ್ಖಾನೆ.

ಎರಡು ಮಳೆ, ಎರಡು ಬೇಸಿಗೆ ಕಳೆದು ಅವನು ಬಳಿದ ಬಿಳುಪು ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೂರನೇ ಕೋಟ್ ಬಿದ್ದ ಕಡೆ ಮಾತ್ರ ಹಾಲಿನಂತೆ ಬೆಳ್ಳಗೆ ಉಳಿದಿತ್ತು. ಆ ಬಿಳುಪಿಗೆ ಎರಡು ಚಕ್ರವಿತ್ತು. ಹ್ಯಾಂಡಲ್ ಇತ್ತು. ಪುಟ್ಟ ಮಕ್ಕಳಿಗೆ ತಕ್ಕ ತಗ್ಗು ಸೀಟು ಇತ್ತು. ಹಿಂದಿನ ಚಕ್ರದ ಮಗ್ಗುಲಲ್ಲಿ, ಬೀಳದಿರಲಿ ಅಂತ ಹಾಕುವ ಇನ್ನೊಂದು ಮರಿಚಕ್ರವೂ ಇತ್ತು. ಆ ಮರಿಚಕ್ರದ ನೀಲಿ ಸುಲಭಕ್ಕೆ ಬಗ್ಗದೆ, ಬೈದು ಬೈದು ಅದಕ್ಕೆ ನಾಲ್ಕನೇ ಸಲವೂ ರೋಲರ್ ಎಳೆದದ್ದು ಅವನ ರಟ್ಟೆಗೆ ನೆನಪಾಯಿತು.

ರೆಕ್ಕೆ ಮೇಲೆದ್ದು ಎಲ್ಲವನ್ನೂ ಮುಚ್ಚಿತು. ಆಮೇಲೆ ಸಾಹೇಬರು ಹೇಳಿದಂತೆ ಬರೀ ಮೋಡ.

"ಅಂಥದ್ದೇನ್ರೀ ಕಂಡಿದ್ದು?" ಸಾಹೇಬರು ಕಸಿವಿಸಿಯಿಂದ ಅಂಗಿ ಸರಿಮಾಡಿಕೊಂಡರು.

"ನನ್ನ ಸೈಕಲ್ಲು."

ಸಾಹೇಬರು ಏಣಿಯ ಕಡೆ ನೋಡಿದರು. ಏಣಿ ತನಗೇನೂ ಗೊತ್ತಿಲ್ಲ ಅನ್ನುವಂತೆ ಮೇಲೆ ನೋಡಿದ.

ಹುಡುಗ ಜೇಬಿನಿಂದ ಮೊಬೈಲ್ ತೆಗೆದು ಅಪ್ಪನ ನಂಬರ್ ಒತ್ತಿದ. ಸಿಗ್ನಲ್ ಇರಲಿಲ್ಲ. ಬರೆದು ಕಳಿಸೋಣ ಅಂದರೆ ಅಪ್ಪನಿಗೆ ಓದಲು ಬಾರದು, ಬಾಯಲ್ಲೇ ಹೇಳಬೇಕು. ಬೆಲ್ಟ್ ಬಿಚ್ಚಿದ. ಗಗನಸಖಿ ದೂರದಿಂದಲೇ ಬೆರಳಾಡಿಸಿದಳು. ಮತ್ತೆ ಹಾಕಿಕೊಂಡ. ಕಾಲ ಬಳಿಯ ಬ್ಯಾಗಿನ ಜಿಪ್ಪಿಗೆ ಸುತ್ತಿದ್ದ ದಾರಕ್ಕೆ ಕೈ ತಾಗಿತು. ಏಳೆಂಟು ಗಂಟು, ಒಂದರ ಮೇಲೊಂದು, ಬಿಗಿಯಾಗಿ.

"ಏಣಿ, ಇಳಿಯೋಕೆ ಇನ್ನೆಷ್ಟು ಹೊತ್ತೋ?"

"ಈಗ ತಾನೇ ಹತ್ತಿದ್ದೀವಲ್ಲೋ ಮಾರಾಯ."