ನೀರು ಬಿಟ್ಟುಕೊಟ್ಟ ನೆಲ

ಪಾದದಡಿಯ ಅದುರು ಇನ್ನೂ ಇದೆ, ಬೂಟಿನ ಅಟ್ಟೆ ದಾಟಿ ಹಿಮ್ಮಡಿಗೆ, ಅಲ್ಲಿಂದ ಮೊಣಕಾಲಿಗೆ, ಇಪ್ಪತ್ತಾರು ವರ್ಷದಿಂದ ಹೀಗೆಯೇ, ಮನೆಗೆ ಹೋಗಿ ಮಲಗಿದರೆ ಮಂಚವೂ ಅದುರುತ್ತಿದೆ ಅನ್ನಿಸುವಷ್ಟು — ಹತ್ತು ಗಂಟೆಗೆ ಇನ್ನು ಹನ್ನೆರಡು ನಿಮಿಷ, ಹತ್ತಕ್ಕೆ ರಾಜಧಾನಿಯಿಂದ ಫೋನು, ಫೋನು ಬಂದರೆ ಈ ಮೂರನೇ ಯಂತ್ರವನ್ನೂ ನಾನು ನಿಲ್ಲಿಸಬೇಕು, ಆರರಲ್ಲಿ ತಿರುಗುತ್ತಿರುವುದು ಇದೊಂದೇ, ಮಿಕ್ಕ ಐದು ಆಗಲೇ ಟಾರ್ಪಾಲು ಹೊದ್ದು ಕೂತಿವೆ, ಸಾವಿನ ಮನೆಯಲ್ಲಿ ಮುಸುಕು ಹಾಕಿ ಕೂತ ಹೆಂಗಸರ ಹಾಗೆ. ಅಣೆಕಟ್ಟಿನ ಸರೋವರದ ನೀರು, ಯಂತ್ರಕ್ಕೆ ನೀರೆಳೆಯುವ ಸುರಂಗದ ಬಾಯಿಗಿಂತ ಎಷ್ಟೋ ಆಳೆತ್ತರ ಮೇಲಿರುತ್ತಿದ್ದದ್ದು ಈಗ ಅಂಚಿಗೆ ಬಂದು ನಿಂತಿದೆ, ಇನ್ನೂ ಎಳೆದರೆ ನೀರಿನ ಜೊತೆ ಗಾಳಿ ನುಗ್ಗಿ ಟರ್ಬೈನಿನ ಅಲಗುಗಳನ್ನು ತಿಂದುಹಾಕುತ್ತದೆ, ಮಳೆಗಾಲಕ್ಕೆ ಮುಂಚಿನ ಅಕ್ಟೋಬರಿನ ಬಿಸಿಲು, ಎರಡು ವರ್ಷದಿಂದ ಕೈಕೊಟ್ಟ ಮಳೆ. ಪಕ್ಕದಲ್ಲಿ ಇಮಾಸಿಕು, ನದಿಯ ಮೇಲ್ದಂಡೆಯ ಲೋಜಿ ಜನದವನು, ಹತ್ತೊಂಬತ್ತು ವರ್ಷದಿಂದ ಜೊತೆಗಾರ, ತೊಂಗಾ ಜನರಾದ ನಮ್ಮನ್ನು ಹಂಗಿಸುವುದು ಲೋಜಿಗಳ ಹಕ್ಕು, ಲೋಜಿಗಳನ್ನು ಹಂಗಿಸುವುದು ನಮ್ಮದು, ಯಾರೂ ಬೇಜಾರು ಮಾಡಿಕೊಳ್ಳುವಂತಿಲ್ಲ, ಇವತ್ತೂ ಬಿಡಲಿಲ್ಲ ಅವನು, ಏನಯ್ಯಾ ಲ್ವೇಂಡೊ, ನಿಮ್ಮೋರು ದನಕ್ಕೆ ಕುಡಿಸಿ ಕುಡಿಸಿ ಸರೋವರಾನೇ ಬತ್ತಿಸಿಬಿಟ್ರಲ್ಲಯ್ಯ, ಅಂದ, ಇಲ್ಲ ಕಣಯ್ಯ, ಮೇಲಿಂದ ಬರೋ ನೀರಿಗೆ ನಿಮ್ಮೋರೇ ಮಾಟ ಹಾಕ್ಸಿರೋದು, ಅಂದೆ, ಇಬ್ಬರೂ ನಗಲು ಬಾಯಿ ತೆರೆದೆವು, ನಗು ಬರಲಿಲ್ಲ, ಅವನು ಶಿರಸ್ತ್ರಾಣ ಸರಿಮಾಡಿಕೊಂಡ, ನಾನು ಮೀಟರಿನ ಮುಳ್ಳು ನೋಡಿದೆ.

ಮುಳ್ಳು ಅಲುಗುತ್ತಿಲ್ಲ, ನೂರು ಮೆಗಾವಾಟಿನ ಗೆರೆಯ ಮೇಲೆ, ಆ ನೂರರಲ್ಲಿ ತಾಮ್ರದ ಗಣಿಗೆಷ್ಟು, ಊರುಗಳಿಗೆಷ್ಟು, ಹಿಟ್ಟಿನ ಗಿರಣಿಗೆಷ್ಟು, ನನಗೆ ಗೊತ್ತಿಲ್ಲ, ಅದನ್ನು ಹಂಚುವವರು ರಾಜಧಾನಿಯಲ್ಲಿದ್ದಾರೆ, ದಿನಕ್ಕೆ ಮೂರು ಗಂಟೆ ಕರೆಂಟು ಇದ್ದದ್ದು ನಾಳೆಯಿಂದ ಎಷ್ಟೋ, ಲುಯಾಂಡೊ ಮೊನ್ನೆ ಫೋನು ಮಾಡಿದ್ದಳು, ಮಗಳು, ಪಟ್ಟಣದ ಆಸ್ಪತ್ರೆಯಲ್ಲಿ ಎಳೆಗೂಸುಗಳ ವಾರ್ಡಿನ ನರ್ಸು, ಅಪ್ಪಾ, ಜನರೇಟರ್‌ಗೆ ಡೀಸೆಲ್ ಇಲ್ಲ, ಬೆಚ್ಚಗಿಡೋ ಪೆಟ್ಟಿಗೆ ಎಲ್ಲಾ ಆರಿಹೋಗಿದಾವೆ, ತಿಂಗಳು ತುಂಬದೆ ಹುಟ್ಟಿದ ಕೂಸುಗಳನ್ನ ತಾಯಂದಿರ ಎದೆಗೆ ಚಿತೆಂಗೆ ಬಟ್ಟೇಲಿ ಕಟ್ಟಿ ಕೂರಿಸಿದೀವಿ, ಒಬ್ಬಳಿಗೆ ಜ್ವರ, ಅವಳ ಕೂಸನ್ನ ನಾನೇ ಕಟ್ಕೊಂಡು ಓಡಾಡ್ತಿದೀನಿ, ನಿಮ್ಮ ಯಂತ್ರ ನಿಲ್ಲಿಸ್ಬೇಡಿ ಅಪ್ಪಾ, ಅಂದಳು, ನಾನೇ ಯಜಮಾನ ಅನ್ನುವ ಹಾಗೆ, ನಾನು ಬರೀ ಹಿಡಿಕೆ ತಿರುಗಿಸುವವನು ಅಂತ ಹೇಳಬೇಕಿತ್ತು, ನೋಡೋಣಮ್ಮ ಅಂದೆ, ಹೇಳದ ಆ ಮಾತು ಭಾನುವಾರ ಅವ್ವನ ಊರು ಮುಟ್ಟುವವರೆಗೂ ಜೊತೆಗೇ ಬಂತು. ನೆಲದ ಹಿರಿಯರು ಹೇಳಿಕಳಿಸಿದ್ದರು, ಸರೋವರದ ಮೇಲ್ತುದಿಯಲ್ಲಿ ನೀರು ಹಿಂದೆ ಸರಿದು ಹಳೆಯ ಊರಿನ ನೆಲ ಎದ್ದಿದೆ, ಮಳೆ ಕೇಳುವ ತಾಣ, ಮಾಲೆಂಡೆ, ಅಲ್ಲೇ ಎಲ್ಲೋ ಇದೆ, ನಿಮ್ಮ ಅವ್ವನ ಅಪ್ಪನ ಸಮಾಧಿ, ಅದರ ಜಾಗ ಬಲ್ಲವಳು ಈಗ ಭೂಮಿಯ ಮೇಲೆ ಅವಳೊಬ್ಬಳೇ, ಅವಳೇ ಹೋಗಿ ಕೇಳಬೇಕು, ಕರಕೊಂಡು ಹೋಗು ಅಂತ. ಅವ್ವ ಬಾಗಿಲ ಮುಂದೆ ಸೋರೆಬುರುಡೆಯ ಹುಕ್ಕ ಗುಡುಗುಡು ಎನ್ನಿಸುತ್ತ ಕೂತಿದ್ದಳು, ಅವಳ ತಲೆಯ ಮೇಲೆಯೇ ಆ ದೊಡ್ಡ ತಂತಿಗಳು, ನಾನು ಹುಟ್ಟಿದ್ದು ಆ ತಂತಿಯ ಕೆಳಗೆ, ಸೀಮೆಎಣ್ಣೆ ಬುಡ್ಡಿಯ ಬೆಳಕಲ್ಲಿ, ಅಣೆಕಟ್ಟು ಕಟ್ಟಿ ಅರವತ್ತೈದು ವರ್ಷವಾದರೂ ಅಲ್ಲಿಂದ ಒಂದು ಎಳೆ ನಮ್ಮ ಗುಡಿಸಲಿಗೆ ಇಳಿಯಲಿಲ್ಲ, ಎಂಜಿನಿಯರು ಮಗ ಬಂದ್ನಪ್ಪ, ಅಂದಳು ಅವ್ವ ಹೊಗೆ ಬಿಟ್ಟು, ಲೋಕಕ್ಕೆಲ್ಲ ದೀಪ ಹಚ್ಚೋನು, ಹೋಗಿ ನೀರು ತಗೊಂಬಾ, ಬುಡ್ಡಿ ಆಮೇಲೆ ಹಚ್ಚುವಂತೆ.

ನಾನು ಎಂಜಿನಿಯರಲ್ಲ ಅವ್ವ, ಅಂದೆ, ಎಷ್ಟನೆಯ ಸಲವೋ, ಅವಳು ಕೇಳಿಸಿಕೊಳ್ಳಲಿಲ್ಲ, ಎಡೆಗೆಂದು ಹುಳಿಬರಿಸಿದ ಜೋಳದ ಗಂಜಿ, ಚಿಬ್ವಾಂತು, ತುಂಬಿದ ಬುರುಡೆಯನ್ನು ಸೊಂಟಕ್ಕಿಟ್ಟು ಹೊರಟೇಬಿಟ್ಟಳು, ಎಪ್ಪತ್ತೈದರ ಮುದುಕಿ, ನನಗಿಂತ ಮುಂದೆ. ದಂಡೆ ದಾಟಿದ ಮೇಲೆ ಬಿರುಕು ಬಿಟ್ಟ ಕೆಸರು, ಒಣಗಿದ ಮೀನಿನ ನಾತ, ಅಷ್ಟು ವರ್ಷ ನೀರೊಳಗೆ ನಿಂತಿದ್ದ ಮರಗಳ ಕರೀ ಮೋಟು, ಹಕ್ಕಿ ಕೂಡ ಕೂರದ ಮೋಟು, ಅವಳು ಅವುಗಳ ನಡುವೆ ಸಂತೆಬೀದಿಯಲ್ಲಿ ನಡೆದ ಹಾಗೆ ನಡೆದಳು, ಇದು ನಮ್ಮ ಹುಣಸೆಮರ, ಇಲ್ಲಿ ಚಿಕ್ಕಮ್ಮ ಜೋಳ ಕುಟ್ತಿದ್ಲು, ಇಲ್ಲಿ ತಿರುಗು, ಇಲ್ಲೇ ನಮ್ಮನ್ನ ಊರು ಬಿಡಿಸೋ ಲಾರಿ ನಿಂತಿದ್ದು, ಒಂಬತ್ತು ವರ್ಷ ಕಣೋ ನಂಗೆ, ಮೇಕೆನ ಎತ್ತಿ ಹಾಕ್ದಂಗೆ ಹಾಕಿದ್ರು, ನಾಯಿಗಳ್ನ ಹತ್ತಿಸ್ಕೊಳ್ಲಿಲ್ಲ, ಗುಡ್ಡದವರೆಗೂ ಓಡಿಬಂದ್ವು — ಅಷ್ಟು ಹೇಳಿ ನಿಂತಳು, ಮೂರು ಒಲೆಗಲ್ಲು, ಅದರಾಚೆ ದುಂಡಗೆ ಜೋಡಿಸಿದ ಕಲ್ಲು, ಒಳಗೆ ಕೆಸರು ತುಂಬಿ ತೊಟ್ಟಿಲಿನಷ್ಟು ಉಬ್ಬಿದ ಜಾಗ, ಅವಳು ಚಪ್ಪಲಿ ಬಿಟ್ಟಳು, ನಾನೂ ಬಿಟ್ಟೆ, ನೆಲ ಸುಡುತ್ತಿತ್ತು.

ಮಳೆ ಕೇಳ್ತಾಳೆ ಅಂದುಕೊಂಡೆ, ಕೇಳಲಿಲ್ಲ, ಮಂಡಿಯೂರಿ ಕೂತು ನನ್ನ ಕಡೆ ತಿರುಗಿ, ಮಗಾ, ಮಳೆ ಬಂದ್ರೆ ಇದು ಮತ್ತೆ ಮುಳುಗತ್ತೆ ಅಲ್ವಾ, ಅಂದಳು. ಮುಳುಗತ್ತೆ ಅವ್ವ. ಎಷ್ಟ್ ದಿನಕ್ಕೆ. ಒಳ್ಳೆ ಮಳೆಯಾದ್ರೆ ಒಂದೆರಡು ವರ್ಷ. ಆಮೇಲೆ ನಾನಿರಲ್ಲ, ಅಂದಳು, ಅರವತ್ತಾರು ವರ್ಷ ಆದ್ಮೇಲೆ ಅಪ್ಪನ ಮುಖ ನೋಡ್ದಂಗಾಯ್ತು, ನಾನೇ ಬಾಯಿಬಿಟ್ಟು ಮುಳುಗ್ಸು ಅಂತ ಹೇಳ್ಲಾ, ಯಾರಿಗೋಸ್ಕರ, ಆ ತಂತಿಗಾ, ಆ ತಂತಿ ಒಳಗೆ ಓಡ್ತಿರೋದು ನಮ್ಮಪ್ಪನ ಹೊಲ ಕಣೋ, ಹೇಳು, ನಿಂಗೇನು ಬೇಕು. ನನಗೇನು ಬೇಕು — ನನಗೆ ಕೆಲಸ ಬೇಕು, ಪಿಂಚಣಿಗೆ ಇನ್ನು ನಾಲ್ಕು ವರ್ಷ, ಅದು ಬಾಯಿಗೆ ಬಂತು, ನುಂಗಿಕೊಂಡೆ, ಏನೂ ಬೇಡ, ನಡಿ ಮನೆಗೆ ಹೋಗೋಣ ಅನ್ನಬಹುದಿತ್ತು, ಅವಳು ಎದ್ದು ಬರುತ್ತಿದ್ದಳು, ಹಿರಿಯರಿಗೆ ಜಾಗ ಸಿಗಲಿಲ್ಲ ಅಂದರೆ ಮುಗಿಯುತ್ತಿತ್ತು, ಆದರೆ ಬಾಯಿ ಬೇರೇನೋ ಹೇಳಿತು, ಲುಯಾಂಡೊ ಹೇಳಿದ್ದನ್ನೆಲ್ಲ ಹೇಳಿತು, ಆರಿದ ಪೆಟ್ಟಿಗೆ, ಎದೆಗೆ ಕಟ್ಟಿದ ಕೂಸು, ಜ್ವರದ ತಾಯಿ. ಅವ್ವ ಕೇಳಿದ್ದು ಒಂದೇ, ಕೂಸು ಎಷ್ಟಿದೆಯಂತೆ. ಅಂಗೈಗೆ ಸ್ವಲ್ಪ ಹೆಚ್ಚು, ಅಂದೆ. ಅವಳು ತನ್ನ ಅಂಗೈಯನ್ನು ನೋಡಿಕೊಂಡಳು.

ಆಮೇಲೆ ಬುರುಡೆ ಬಗ್ಗಿಸಿದಳು, ಪೂರ್ತಿ, ಒಂದು ಗುಟುಕೂ ಉಳಿಸದೆ, ಹಿರಿಯರಿಗೆ ವಂದಿಸುವ ಹಾಗೆ ಬೊಗಸೆಗೈಗಳನ್ನು ಒಂದಕ್ಕೊಂದು ಮೆಲ್ಲಗೆ ತಟ್ಟಿದಳು, ಗಟ್ಟಿಯಾಗಿಯೇ ಮಾತಾಡಿದಳು, ಮನೆಯಲ್ಲಿ ಕೂತವನ ಹತ್ತಿರ ಆಡಿದಂತೆ, ಅಪ್ಪಾ, ಆವಾಗ ನಿನ್ನ ಮುಳುಗಿಸ್ದಾಗ ಯಾರೂ ನಿನ್ನ ಕೇಳ್ಲಿಲ್ಲ, ನನ್ನೂ ಕೇಳ್ಲಿಲ್ಲ, ಈಗ ನಾನೇ ಬಂದು ಕೇಳ್ತಾ ಇದೀನಿ, ಮಳೆ ಕಳ್ಸು, ನಿನ್ನ ಮೇಲೆ ನೀರು ಬರ್ಲಿ. ಏಳುವಾಗ ಮಂಡಿ ಹಿಡಿಯಿತು, ನಾನು ಕೈ ಚಾಚಿದೆ, ಅವಳು ಹಿಡಿಯಲಿಲ್ಲ, ಚೆಲ್ಲಿದ ತೇವದ ಮೇಲೆ, ಅಪ್ಪನ ಎದೆಯ ಮೇಲೆ ಅನ್ನುವ ಹಾಗೆ, ಅಂಗೈ ಊರಿ ಎದ್ದಳು, ದಾರಿಯುದ್ದಕ್ಕೂ ಹಿಂತಿರುಗಿ ನೋಡಲಿಲ್ಲ, ನಾನು ನೋಡಿದೆ, ಕೈಯ ಅಚ್ಚು, ನಾಲ್ಕು ಬೆರಳು ಪೂರ್ತಿ, ಸೊಟ್ಟಗಾದ ಕಿರುಬೆರಳು ಅರ್ಧ — ಫೋನು. ಫೋನು ಹೊಡೆದುಕೊಳ್ಳುತ್ತಿದೆ, ಇಮಾಸಿಕು ನನ್ನ ಮುಖ ನೋಡುತ್ತಿದ್ದಾನೆ, ತಗೋ ಮಾರಾಯ, ಅನ್ನುತ್ತಾನೆ, ರಾಜಧಾನಿಯ ಹೆಣ್ಣುಮಗಳ ದನಿ, ಚಿಕ್ಕ ವಯಸ್ಸು, ಸಾರ್, ಮೂರನೇದು ಇಳಿಸಿ, ಆಮೇಲೆ ಆದೇಶದಲ್ಲಿಲ್ಲದ ಮಾತು, ಕ್ಷಮಿಸಿ ಸಾರ್, ಅನ್ನುತ್ತಾಳೆ, ನೀನೇನಮ್ಮ ಮಾಡ್ತೀಯ, ಅನ್ನುತ್ತೇನೆ, ಹಿಡಿಕೆ ತಣ್ಣಗಿದೆ, ತಿರುಗಿಸುತ್ತೇನೆ, ತೊಂಬತ್ತು, ಅರವತ್ತು, ಇಪ್ಪತ್ತು, ನೀರಿನ ದ್ವಾರಗಳು ಮುಚ್ಚುತ್ತವೆ, ತಂತಿಯ ಕೊಂಡಿ ಬಿಡುವ ಸದ್ದು, ಉಕ್ಕಿನ ದಂಡ ಇನ್ನೂ ತಿರುಗುತ್ತಿದೆ, ಮೆಲ್ಲಗೆ, ಇನ್ನೂ ಮೆಲ್ಲಗೆ, ಬ್ರೇಕು ಉಸಿರು ಬಿಡುತ್ತದೆ, ಇಮಾಸಿಕು ಶಿರಸ್ತ್ರಾಣ ತೆಗೆದು ಎದೆಗೆ ಹಿಡಿಯುತ್ತಾನೆ, ನಿಲ್ಲುತ್ತದೆ, ಇಷ್ಟು ವರ್ಷದಲ್ಲಿ ಈ ಯಂತ್ರಶಾಲೆಯಲ್ಲಿ ಮೊದಲ ಸಲ ನನ್ನ ಉಸಿರು ನನಗೇ ಕೇಳಿಸುತ್ತಿದೆ, ಮಗಳಿಗೆ ಹೇಳಬೇಕು, ಏನಂತ, ಅಜ್ಜಿ ಮಳೆ ಕೇಳಿದಾಳೆ ಅಂತ, ಒಣಗಿರುತ್ತದೆ ಈಗ, ಬಿಸಿಲಿಗೆ ಗಟ್ಟಿಯಾಗಿರುತ್ತದೆ, ಗಾಳಿ ಅಳಿಸುವುದಿಲ್ಲ, ನೀರೇ ಬರಬೇಕು, ಕೈಯ ಅಚ್ಚು, ಕಲ್ಲುಗಳ ನಡುವೆ, ನಾಲ್ಕು ಬೆರಳು ಪೂರ್ತಿ, ಕಿರುಬೆರಳು ಅರ್ಧ