ಅತ್ತೆಯ ದನಿ ಮನೆ ಬದಲಿಸಿದ್ದು

"ಅಮ್ಮನ ದನಿ ಸುಟ್ಟುಹೋಯ್ತು ಅತ್ತಿಗೆ," ಎಂದು ಮೈದುನ ಬಂದು ಹೇಳಿದಾಗ ಕೈಯಲ್ಲಿದ್ದ ಬಟ್ಟೆಯ ಬುಟ್ಟಿಯನ್ನು ಅಲ್ಲೇ ಬಿಟ್ಟೆ. ಅವನು ಕಂಪ್ಯೂಟರ್ ರಿಪೇರಿಯವನು, ಸತ್ತ ಯಂತ್ರಗಳ ಸುದ್ದಿಯನ್ನು ದಿನವೂ ತಣ್ಣಗೆ ಹೇಳುವವನು. ಅವತ್ತು ಅವನ ಬಾಯಿ ಒಣಗಿತ್ತು. ಅತ್ತೆಯ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಹೊಗೆಯಾಡಿ ಸತ್ತಿತ್ತು. ಸಾಯುವಾಗ ಒಳಗಿನ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು.

ಅತ್ತೆಗೆ ಗಂಟಲಿನ ಆಪರೇಷನ್ ಆದಾಗ ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟಿದ್ದರು. ಅದಕ್ಕೂ ಮೊದಲು, ದನಿ ಇನ್ನೂ ಇದ್ದಾಗ, ಮೈದುನ ಅವರನ್ನು ಮೈಕಿನ ಮುಂದೆ ಕೂರಿಸಿ ವಾಕ್ಯದ ಮೇಲೆ ವಾಕ್ಯ ಓದಿಸಿದ್ದ. ಒಂದು ಸಣ್ಣ ಕಂಪನಿ ಅದರಿಂದ ಅವರದೇ ದನಿಯನ್ನು ಕಟ್ಟಿಕೊಟ್ಟಿತ್ತು. ಅವರು ಟೈಪ್ ಮಾಡಿದರೆ ಲ್ಯಾಪ್‌ಟಾಪ್ ಅವರ ಹಾಗೇ ಮಾತಾಡುತ್ತಿತ್ತು; ಅದೇ ಎಳೆತ, ಅದೇ ಕೊಂಕು. ಆಮೇಲೆ ಆ ಕಂಪನಿ ಬಾಗಿಲು ಹಾಕಿತು. ಈಗ ಉಳಿದಿದ್ದು ಹೋದ ತಿಂಗಳು ಮೈದುನ ಹೊರಗಿನ ಡಿಸ್ಕಿಗೆ ತೆಗೆದಿಟ್ಟಿದ್ದ ಇಮೇಜ್ ಒಂದೇ, ಅಂದರೆ ಇಡೀ ಯಂತ್ರದ ಪಡಿಯಚ್ಚು.

"ಮತ್ತಿನ್ನೇನು, ಇನ್ನೊಂದು ಲ್ಯಾಪ್‌ಟಾಪ್ ತಂದು ಅದಕ್ಕೆ ಸುರಿ," ಎಂದರು ನಮ್ಮ ಯಜಮಾನರು, ಡಬ್ಬಿಯಿಂದ ಡಬ್ಬಿಗೆ ಸಕ್ಕರೆ ಸುರಿಯುವಷ್ಟು ಸಲೀಸಾಗಿ.

"ಆ ಮಾಡಲ್ ಈಗ ಸಿಗಲ್ಲ ಅಣ್ಣ. ಬೇರೆ ಯಂತ್ರಕ್ಕೆ ಹಾಕಿದ್ರೆ ಇದು ಕಣ್ಣು ಬಿಟ್ಟ ತಕ್ಷಣ ತನ್ನ ಕೈಕಾಲು ಹುಡುಕುತ್ತೆ. ಅಲ್ಲಿರೋದೆಲ್ಲ ಬೇರೆಯವರ ಕೈಕಾಲು. ಗಾಬರಿ ಬಿದ್ದು ನಿಂತುಬಿಡುತ್ತೆ."

ನನಗೂ ಅತ್ತೆಗೂ ಹಾವು ಮುಂಗುಸಿ ಸಂಬಂಧ ಎಂದು ಕೆಳಗಿನ ಮನೆಯವರೂ ಆಡಿಕೊಳ್ಳುತ್ತಿದ್ದ ಕಾಲವಿತ್ತು. ಅವರು ಒಂದು ಅಂದರೆ ನಾನು ಎರಡು ಅನ್ನುತ್ತಿದ್ದೆ. ಆಪರೇಷನ್ ಆದ ದಿನದಿಂದ ಜಗಳವನ್ನೇ ಬಿಟ್ಟೆ. ಬಾಯಿಲ್ಲದವರ ಮೇಲೆ ಬಾಯಿ ಮಾಡುವುದು ಯಾವ ಮರ್ಯಾದೆ? ಏನು ಹೇಳಿದರೂ "ಆಯ್ತು ಅತ್ತೆ" ಎಂದು ತಲೆಯಾಡಿಸುತ್ತ ಬಂದೆ, ಅದು ನನ್ನ ದೊಡ್ಡತನ ಎಂದು ಒಳಗೊಳಗೇ ಬೀಗುತ್ತಲೂ ಇದ್ದೆ. ಆದರೂ ಅವತ್ತು ಆ ದನಿ ಮತ್ತೆ ಬರುವುದೇ ಇಲ್ಲವೇನೋ ಎನಿಸಿದಾಗ ಹೇಗಾದರೂ ಮಾಡು ಎಂದು ಮೈದುನನ ಬೆನ್ನು ಹತ್ತಿದವಳು ನಾನೇ.

ಹೊಸ ಲ್ಯಾಪ್‌ಟಾಪ್ ಊಟದ ಮೇಜಿನ ಮೇಲೆ ಕೂತಿತು. ಅತ್ತೆ ಎದುರಿನ ಕುರ್ಚಿಯಲ್ಲಿ ಸೆರಗಿನ ತುದಿ ಹಿಂಡುತ್ತ ಕೂತರು. ಹೊರಗಿನ ಡಿಸ್ಕ್ ಇಮೇಜನ್ನು ದಾಟಿಸುತ್ತಿರುವಾಗಲೇ ಟಕ್ ಟಕ್ ಎನ್ನತೊಡಗಿತು. ಕೊನೆಯ ಚೂರು ದಾಟಿದ್ದೇ ತಡ, ತಿರುಗುವುದನ್ನು ನಿಲ್ಲಿಸಿತು. ಮೈದುನ ಅದನ್ನು ಕಿವಿಗೆ ಹಿಡಿದ, ಅಲ್ಲಾಡಿಸಿದ, ಕೆಳಗಿಟ್ಟ.

"ಇದೂ ಹೋಯ್ತು. ಇನ್ನು ಅಮ್ಮನ ದನಿ ಇರೋದು ಈ ಹೊಸದರ ಒಳಗೆ ಮಾತ್ರ."

ಚಾಲೂ ಮಾಡಿದರೆ ಅವನು ಹೇಳಿದಂತೆಯೇ ಸ್ಕ್ರೀನ್ ನೀಲಿಗಟ್ಟಿ ನಿಂತಿತು. ಅತ್ತೆ ಕಣ್ಣು ಮುಚ್ಚಿಕೊಂಡರು. ಮೈದುನ ಹೊಸ ಡಿಸ್ಕಿನ ಗುರುತು ಹಿಡಿಯುವ ಡ್ರೈವರ್ ಎಂಬ ತಂತ್ರಾಂಶವನ್ನು ಹಳೆಯ ವ್ಯವಸ್ಥೆಯೊಳಗೆ ತುರುಕಿ, ಹಣೆ ಒರೆಸಿಕೊಂಡು ಮತ್ತೆ ಚಾಲೂ ಮಾಡಿದ. ಈ ಸಲ ಎದ್ದಿತು. ಅತ್ತೆಯ ಹಳೆಯ ಸ್ಕ್ರೀನಿನಲ್ಲಿದ್ದ ಮೊಮ್ಮಗಳ ಫೋಟೋ ಬಂದೇ ಬಂತು.

"ಕೀಲಿಮಣೆ ಇದಕ್ಕಿನ್ನೂ ಗೊತ್ತಾಗಿಲ್ಲ, ಮೌಸ್ ಒಂದು ಓಡ್ತಿದೆ. ದನಿ ಬಂದಿದೆಯಾ ನೋಡೋಣ," ಎಂದು ಅವನು ಹಿಂದೆ ಆಡಿದ್ದನ್ನೆಲ್ಲ ಮತ್ತೆ ಕೇಳಿಸುವ ಗುಂಡಿ ಒತ್ತಿದ.

"ನೀರು ಕೊಡು," ಎಂದಿತು ಯಂತ್ರ, ಅತ್ತೆಯ ದನಿಯಲ್ಲಿ. ಯಜಮಾನರು ಕಣ್ಣೊರೆಸಿಕೊಂಡರು.

"ಫ್ಯಾನ್ ಆರಿಸು. ದೊಡ್ಡವನು ಬಾಯಿ ಮುಕ್ಕಳಿಸೋ ಸದ್ದಿಗೆ ಸತ್ತವರೂ ಎದ್ದು ಕೂರ್ತಾರೆ."

ಯಜಮಾನರ ಕೈ ಕಣ್ಣಿನ ಹತ್ತಿರವೇ ನಿಂತಿತು.

"ಚಿಕ್ಕವನ ತಲೆ ಬೋಳಾಗ್ತಿದೆ. ಟೋಪಿ ಹಾಕ್ಕೊಂಡ್ರೆ ಹೆತ್ತವಳಿಗೆ ಗೊತ್ತಾಗಲ್ವಾ? ಕೆಳಗಿನ ಮನೆಯವಳು ನನ್ನ ನೋಡೋಕೆ ಬರೋದಲ್ಲ, ಡಬ್ಬ ಮಾತಾಡೋದನ್ನ ನೋಡೋಕೆ ಬರೋದು."

ಅತ್ತೆ ದಡಕ್ಕನೆ ಎದ್ದು ಎರಡೂ ಕೈ ಬೀಸಿದರು, ನಿಲ್ಲಿಸು, ನಿಲ್ಲಿಸು ಎಂದು. ನನಗೆ ಆಗ ಹೊಳೆಯಿತು. ಸಂಜೆಯ ಹೊತ್ತು ಅವರು ಇಯರ್‌ಫೋನ್ ಸಿಕ್ಕಿಸಿಕೊಂಡು ಟೈಪ್ ಮಾಡುತ್ತ ಕೂರುತ್ತಿದ್ದರು, ನಾವು ಹಾಡು ಹುಡುಕುತ್ತಿದ್ದಾರೆ ಅಂದುಕೊಂಡಿದ್ದೆವು. ಅವರು ಗೊಣಗುತ್ತಿದ್ದರು. ಬಾಯಿ ಇರುವವರು ಅಡುಗೆಮನೆಯಲ್ಲೋ ಬಚ್ಚಲಲ್ಲೋ ಗೊಣಗಿಕೊಳ್ಳುತ್ತೇವೆ, ಅವರಿಗೆ ಅದಕ್ಕೂ ಯಂತ್ರವೇ ಆಗಬೇಕಿತ್ತು.

ಮೈದುನ ಮೌಸ್ ತಿರುಗಿಸಿ ತಿರುಗಿಸಿ ಸುಸ್ತಾದ. "ಈಗ ಇದೂ ಅಲ್ಲಾಡ್ತಿಲ್ಲ. ಹೊಸ ಬಿಡಿಭಾಗಗಳನ್ನ ಒಂದೊಂದಾಗಿ ಗುರುತು ಹಚ್ಚಿಕೊಳ್ತಿದೆ. ಯಾರೂ ಆಫ್ ಮಾಡ್ಬೇಡಿ. ಮಧ್ಯದಲ್ಲಿ ನಿಂತ್ರೆ ಎಲ್ಲ ಹಾಳಾಗಬಹುದು."

ಯಜಮಾನರು ಓಡಿಹೋಗಿ ದಿಂಬು ತಂದು ಲ್ಯಾಪ್‌ಟಾಪಿನ ಮೇಲೆ ಒತ್ತಿದರು. ನಲವತ್ತು ವರ್ಷ ಮನೆ ನಡೆಸಿದ ದನಿ ದಿಂಬಿಗೆ ಜಗ್ಗುತ್ತದೆಯೇ.

"ಆಪರೇಷನ್ ಮಾಡಿದ್ದು ಡಾಕ್ಟ್ರು. ನನ್ನ ಸಾಯಿಸಿದ್ದು ಇವಳು."

ಇವಳು ಎಂದರೆ ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಅಣ್ಣತಮ್ಮ ಇಬ್ಬರೂ ನನ್ನತ್ತ ತಿರುಗಿ, ತಕ್ಷಣ ನೆಲ ನೋಡಿದರು. ನನಗೆ ಸಿಡಿಲು ಬಡಿದಂತಾಗಿತ್ತು. ಟ್ಯೂಬಿನಲ್ಲಿ ಗಂಜಿ ಹಾಕಿದವಳು ನಾನು, ಗಂಟಲಿನ ತೂತು ತೊಳೆದವಳು ನಾನು. ನನ್ನ ಕೈ ತಾನಾಗಿ ಪವರ್ ಗುಂಡಿಯ ಮೇಲೆ ಹೋಯಿತು. ಒತ್ತಿದರೆ ಆ ಮಾತೂ ಹೋಗುತ್ತಿತ್ತು, ಆ ದನಿಯೂ ಹೋಗುತ್ತಿತ್ತು. ಅತ್ತೆ ನನ್ನ ಬೆರಳನ್ನೇ ನೋಡುತ್ತಿದ್ದರು, ಬೇಡ ಎಂದು ತಲೆಯಾಡಿಸಲೂ ಇಲ್ಲ. ಒತ್ತಲಾರದೆ ಕೈ ಹಿಂದಕ್ಕೆಳೆದುಕೊಂಡೆ.

"ಮೊದಲೆಲ್ಲ ಎಷ್ಟು ಚೆನ್ನಾಗಿ ಜಗಳ ಆಡ್ತಿದ್ಲು," ಎಂದಿತು ದಿಂಬಿನಡಿಯ ದನಿ. "ಈಗ ಎಲ್ಲದಕ್ಕೂ ಆಯ್ತು ಅತ್ತೆ, ಆಯ್ತು ಅತ್ತೆ. ಮೊನ್ನೆ ಬೇಕಂತ್ಲೇ ಕಿಟಕಿಯ ಹೊಸ ಪರದೆ ಚೆನ್ನಾಗಿಲ್ಲ ಅಂದೆ, ಏನಾದ್ರೂ ಅಂತಾಳೇನೋ ಅಂತ. ಅವತ್ತೇ ಬಿಚ್ಚಿ ಮಡಚಿಟ್ಲು. ಹೆಣದ ಜೊತೆ ಯಾರು ಜಗಳ ಆಡ್ತಾರೆ."

ಅಲ್ಲಿಗೆ ನಿಂತಿತು. ಯಜಮಾನರು ದಿಂಬನ್ನು ಎತ್ತಿ ಎದೆಗವಚಿಕೊಂಡು ನಿಂತರು. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ, ಅದು ನನಗೆ ಹೊಸದಲ್ಲ. ಇದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಇಷ್ಟು ದಿನ ನಾನು ಸೇವೆ ಎಂದುಕೊಂಡದ್ದು ಅವರಿಗೆ ತಿಥಿಯ ಹಾಗೆ ಕಂಡಿತ್ತು.

ಕೀಲಿಮಣೆಯ ದೀಪ ಹತ್ತಿತು. ಅತ್ತೆ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡರು. ಒಂದೊಂದೇ ಅಕ್ಷರ ಒತ್ತಿದರು.

"ಗೊಣಗಿದ್ದು. ನೀವು ಕೇಳಬಾರದಿತ್ತು. ತಪ್ಪಾಯ್ತು ಕಣೆ."

"ಆಯ್ತು ಅತ್ತೆ" ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ.

"ತಪ್ಪು ಗಿಪ್ಪು ಅಂತ ನಾಟಕ ಬೇಡ," ಎಂದೆ. "ಆ ಪರದೆ ಚೆನ್ನಾಗೇ ಇತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ."

"ಏನೇ ಅದು, ಈ ಹೊತ್ತಲ್ಲಿ," ಎಂದು ಯಜಮಾನರು ಹೌಹಾರಿದರು.

ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಕೀಲಿಮಣೆಯ ಮೇಲೆ ಬಿದ್ದರು. ಹೊಡೆದರು, ಅಳಿಸಿದರು, ಇನ್ನೂ ಜೋರಾಗಿ ಹೊಡೆದರು. ನಾನು ಸೊಂಟದ ಮೇಲೆ ಕೈಯಿಟ್ಟು ಕಾದೆ.

"ಅತ್ತಿಗೆ, ಒಂದ್ಸಲ ರೀಸ್ಟಾರ್ಟ್ ಮಾಡಿಬಿಡ್ಲಾ?" ಎಂದು ಮೈದುನ ಕೈ ಚಾಚಿದ.

"ಮುಟ್ಟಿದ್ರೆ ನೋಡು," ಎಂದೆ. "ಅವರಿನ್ನೂ ಬೈದು ಮುಗಿಸಿಲ್ಲ."