ಶಾಫ್ಟಿಲ್ಲದ ಕಾರು

ನನ್ನ ಗಂಡ ತೊಮೊಯಾನ ಕಾರನ್ನು ಮಾರಿ ನಾನು ಹೊಸ ಎಲೆಕ್ಟ್ರಿಕ್ ಕಾರು ಕೊಂಡ ಸುದ್ದಿ ಊರಿಗೆಲ್ಲ ಹರಡಲು ಒಂದು ಬೆಳಗು ಸಾಕಾಯಿತು. ಅವನು ತೀರಿಕೊಂಡು ವರ್ಷ ತುಂಬಿರಲಿಲ್ಲ.

ಜಪಾನಿನ ಯಾಮಾಗಾತಾದ ಈ ಬೆಟ್ಟದೂರಿನಲ್ಲಿ ಹಿಮ ಕವಿದಾಗ ಮುದುಕರನ್ನು ಕಣಿವೆಯ ಆಸ್ಪತ್ರೆಗೆ ಕರೆದೊಯ್ಯುವುದು ಅವನ ಕೆಲಸವಾಗಿತ್ತು. ಅವನ ನಂತರ ನಾನು ಮಾಡಿದೆ. ಇಲ್ಲಿ ಉಳಿಯಲು ನನಗೆ ಬೇರೆ ಕಾರಣವಿರಲಿಲ್ಲ.

ಮೊದಲ ದೊಡ್ಡ ಹಿಮ ಬಿದ್ದಾಗ ಹೊಸ ಕಾರನ್ನು ಗುಡಿಯ ಏರಿನಲ್ಲಿ ಪರೀಕ್ಷಿಸುವುದು ನಮ್ಮ ವಾಡಿಕೆ. ಅರ್ಧ ಏರಿನಲ್ಲಿ ನಿಲ್ಲಿಸಬೇಕು, ನಿಂತಲ್ಲಿಂದ ಮತ್ತೆ ಹೊರಡಬೇಕು. ಹೊರಡದ ಕಾರಿನಲ್ಲಿ ಕಾಯಿಲೆಯವರನ್ನು ಯಾರೂ ಕೂರಿಸುವುದಿಲ್ಲ.

ಏರಿನ ಬುಡದಲ್ಲಿ ಭಾವ ಇಸಾವೊ ಸಲಿಕೆ ಹಿಡಿದು ನಿಂತಿದ್ದ. ಮಾವ ಬಗ್ಗಿ, ಮುಂದಿನ ಚಕ್ರಗಳನ್ನೂ ಹಿಂದಿನವನ್ನೂ ಜೋಡಿಸುವ ಉದ್ದನೆಯ ಕಂಬಿಗಾಗಿ ಕಾರಿನ ಅಡಿ ನೋಡಿದರು.

"ಏನಮ್ಮಾ, ಇದಕ್ಕೆ ಶಾಫ್ಟೇ ಇಲ್ವಲ್ಲ!"

"ಇಲ್ಲ ಮಾವ. ಮುಂದಿನ ಚಕ್ರಗಳಿಗೊಂದು ಮೋಟಾರು, ಹಿಂದಿನವಕ್ಕೊಂದು."

"ಮತ್ತೆ ಅದಕ್ಕೂ ಇದಕ್ಕೂ ಸಂಬಂಧ?"

"ತಂತಿ."

ಭಾವ ನಕ್ಕ. "ಯೂನಿವರ್ಸಿಟೀಲಿ ಓದಿದೋರು! ತಂತಿ ನಂಬ್ಕೊಂಡು ಆಸ್ಪತ್ರೆಗೆ ಹೋಗೋ ಫುಕಿ ಅಜ್ಜೀನ ಕೂರಿಸ್ತಾರಂತೆ."

ಮಾವನ ಕಾಲದಲ್ಲಿ ನಾಲ್ಕೂ ಚಕ್ರ ಎಳೆಯಬೇಕೆಂದರೆ ಹಿಮದಲ್ಲಿ ಮಂಡಿಯೂರಿ, ಮುಂದಿನ ಒಂದೊಂದು ಚಕ್ರದ ನಡುಮಧ್ಯದ ತಿರುಪನ್ನೂ ಕೈಯಿಂದ ತಿರುಗಿಸಿ ಕಚ್ಚಿಸಬೇಕಿತ್ತು. ತೊಮೊಯಾ ಕುಳಿತಲ್ಲೇ ಲಿವರ್ ಎಳೆಯುತ್ತಿದ್ದ. ಒಣ ರಸ್ತೆಯಲ್ಲಿ ಅದನ್ನು ಬಿಡಲು ಮರೆತರೆ ತಿರುವಿನಲ್ಲಿ ಕಾರು ಮುಗ್ಗರಿಸುತ್ತಿತ್ತು. ಭಾವನ ಕಾರಿಗೆ ಲಿವರೂ ಇಲ್ಲ, ಮುಂದಿನ ಚಕ್ರ ಜಾರಿದಾಗ ಅದೇ ಹಿಂದಿನದನ್ನು ಎಬ್ಬಿಸುತ್ತದೆ. ಪ್ರತಿ ಸಲವೂ ಹಿರಿಯರು ಹೊಸದನ್ನು ಸೋಮಾರಿತನ ಎಂದರು. ನನ್ನದನ್ನು ದ್ರೋಹ ಎಂದರು.

"ಅವನ ಕಾರು ಇಟ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಮಾವ ಮೆಲ್ಲಗೆ ಕೇಳಿದರು. "ಅವನು ಕೂತಿದ್ದ ಸೀಟು ಕಣಮ್ಮಾ."

"ಅದಕ್ಕೇ ಮಾರಿದೆ."

"ಇಲ್ಲಿ ಹೊರಡ್ಲಿಲ್ಲ ಅಂದ್ರೆ ಈ ಕೆಲಸ ನಂದು," ಅಂದ ಭಾವ. "ನೀನು ತವರಿಗೆ ಹೋಗು."

"ಹೊರಟ್ರೆ?"

"ಹೊರಡಲ್ಲ."

ಭಾವ ಮುಂದಾಗಿ ಏರು ಹತ್ತಿದ, ನಾನು ಕಾರಿನಲ್ಲಿ ಹಿಂದೆ ಹೊರಟೆ. ಅರ್ಧ ಏರಿನಲ್ಲಿ ಅವನು ಅಡ್ಡ ಬಂದು ನಿಂತ. ನಿಲ್ಲಿಸಿದೆ. ಹಿಮ ಅಲ್ಲಿ ಗಾಜಿನಂತೆ ಗಟ್ಟಿಯಾಗಿತ್ತು. ಪೆಡಲ್ ಒತ್ತಿದೆ. ಮುಂದಿನ ಚಕ್ರ ಒಮ್ಮೆ ಕೆರೆಯಿತು. ಹಿಂದಿನದು ಅದಕ್ಕಾಗಿ ಕಾಯಲಿಲ್ಲ. ಕಾರು ಮುಂದೆ ಸರಿಯಿತು. ಭಾವ ಪಕ್ಕಕ್ಕೆ ಹಾರಿ ಸೊಂಟದವರೆಗೆ ಹಿಮದಲ್ಲಿ ಹೂತ.

"ಹತ್ತೋದೇನು ದೊಡ್ಡದಲ್ಲ!" ಅಲ್ಲಿಂದಲೇ ಕೂಗಿದ. "ಇಳೀತಾ ನಿಲ್ಸು ನೋಡಾಣ!"

ಅವನ ಮಾತು ಸರಿ. ಹತ್ತಿಸಿದ ನಾಲ್ಕು ಚಕ್ರಗಳು ನಿಲ್ಲಿಸುವ ಭರವಸೆ ಕೊಡುವುದಿಲ್ಲ. ಯಾವ ಕಾಲದ ಕಾರೂ ಕೊಟ್ಟಿಲ್ಲ. ಮೇಲೆ ತಿರುಗಿಸಿಕೊಂಡು, ಬ್ರೇಕು ತುಳಿಯದೆ, ಪೆಡಲಿನಿಂದ ಕಾಲೆತ್ತಿದಾಗ ಎರಡೂ ಮೋಟಾರುಗಳು ಚಕ್ರಗಳನ್ನು ತಡೆಹಿಡಿಯುವ ಬಿಗಿತದಲ್ಲೇ ನಡಿಗೆಯ ವೇಗದಲ್ಲಿ ಇಳಿದೆ. ಅವನ ಪಕ್ಕಕ್ಕೇ ನಿಲ್ಲಿಸಿ ಗಾಜು ಇಳಿಸಿದೆ.

"ಕೈ ಕೊಡ್ಲಾ ಭಾವ?"

"ಬೇಡ."

ಬುಡದಲ್ಲಿ ಫುಕಿ ಅಜ್ಜಿ ಚೀಲ ಹಿಡಿದು ಕಾಯುತ್ತಿದ್ದರು. ಡಯಾಲಿಸಿಸ್ ತಪ್ಪಿಸುವಂತಿರಲಿಲ್ಲ.

"ಅಕ್ಕಾ, ಇನ್ನೊಂದ್ಸಲ ಯೋಚನೆ ಮಾಡಿ," ಎಂದರು ಮಾವ. "ನಡುವೆ ಶಾಫ್ಟೇ ಇಲ್ಲ."

"ನಾನು ಹುಟ್ಟಿದಾಗ ಇಲ್ಲಿ ಕುದುರೆ ಇತ್ತು ಕಣೋ. ನಾಲ್ಕು ಕಾಲು. ಅದರ ಹೊಟ್ಟೇಲಿ ಯಾವ ಶಾಫ್ಟಿತ್ತು?"

ಅಜ್ಜಿ ಹತ್ತಿ ಕೂತರು. ಮಾವ ಬಾಗಿಲನ್ನು ಜೋರಾಗಿ ಬಡಿದು ಮುಚ್ಚಿದರು. ಬಡಿಯಲಿ. ನಾನು ಕಣಿವೆಯ ಕಡೆ ಹೊರಟೆ.